ಪರೀಕ್ಷೆಗೆ ಮುಂಚಿನ ಎರಡು ದಿನ

ಬೇಕರಿ ಮಾಸ್ಟರಿಗೆ ಸಕ್ಕರೆ ಕಾಯಿಲೆ ಇರುವುದು ಬೀದಿಗೆಲ್ಲ ಗೊತ್ತಿತ್ತು. ಅದು ಹತೋಟಿಯಲ್ಲಿದೆ ಎಂಬುದೂ ಬೀದಿಗೆಲ್ಲ ಗೊತ್ತಿತ್ತು, ಯಾಕೆಂದರೆ ಅವರ ಹೆಂಡತಿ ಮಾಸ್ಟರಮ್ಮ ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಲ್ಯಾಬಿನಿಂದ ಬರುವ ಚೀಟಿ ಬೇಕರಿಯ ಗಾಜಿನ ಪೆಟ್ಟಿಗೆಯ ಮೇಲೆ, ಬನ್ನುಗಳಿಗಿಂತ ಎತ್ತರದಲ್ಲಿ ಕೂರುತ್ತಿತ್ತು.

"ನೋಡಿ, ಖಾಲಿ ಹೊಟ್ಟೇಲಿ ನೂರಾ ನಾಲ್ಕು," ಎಂದು ಬ್ರೆಡ್ಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು. "ನಮ್ಮ ನಾದಿನಿ ಗಂಡಂಗೆ ಇನ್ನೂರಾ ಮೂವತ್ತಂತೆ. ಮನೇಲಿ ಹೇಳೋರು ಕೇಳೋರು ಇರಬೇಕು."

ಆ ನೂರಾ ನಾಲ್ಕು ಹೇಗೆ ಬರುತ್ತಿತ್ತು ಎಂಬುದನ್ನು ಮಾತ್ರ ಅವಳು ಹೇಳುತ್ತಿರಲಿಲ್ಲ. ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಮಾಸ್ಟರ ಬಾಯಿಗೆ ಬೀಗ ಬೀಳುತ್ತಿತ್ತು. ನೀರು, ನಾಲ್ಕು ಹೋಳು ಸೌತೆಕಾಯಿ, ಅಷ್ಟೇ. ಒಂದು ಮಾತ್ರೆಯ ಜಾಗದಲ್ಲಿ ಎರಡು. ಈ ಉಪಾಯ ಮಾಸ್ಟರದ್ದಲ್ಲ, ಮಾಸ್ಟರಮ್ಮನದೇ. ಮಿಕ್ಕ ಎಂಬತ್ತೆಂಟು ದಿನ ಮಾಸ್ಟರು ಒಲೆಯ ಮುಂದೆ ನಿಂತು ಕೇಕಿನ ಹಿಟ್ಟು, ಸಕ್ಕರೆ ಪಾಕ, ಕ್ರೀಮು, ಒಡೆದ ಬಿಸ್ಕತ್ತು ಎಲ್ಲದರ ರುಚಿ ನೋಡುತ್ತಿದ್ದರು. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ರುಚಿ ನೋಡಿದ್ದನ್ನು ತಿಂದದ್ದು ಎಂದು ಬೇಕರಿಯವರು ಒಪ್ಪುವುದೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಹಾಲಿಟ್ಟವಳೂ ಕಣ್ಣು ಮುಚ್ಚಿಕೊಂಡಿದ್ದಳು.

ಬೇಕರಿಯ ಹೆಸರು ನಿಂತಿದ್ದುದು ಒಂದು ಬನ್ನಿನ ಮೇಲೆ. ಎರಡು ದಿನ ಇಟ್ಟರೂ ಮೆತ್ತಗೇ ಇರುತ್ತಿದ್ದ ಬನ್ನು ಅದು. ಅದರ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಮಾಸ್ಟರ ತಲೆಯಲ್ಲಿತ್ತು. ಹದಿನಾಲ್ಕು ವರ್ಷದಿಂದ ಜೊತೆಗೇ ಹಿಟ್ಟು ನಾದುತ್ತಿದ್ದ ಸ್ವಂತ ತಮ್ಮನಿಗೂ ಅವರು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಉಪ್ಪು, ಈಸ್ಟು ಬೆರೆಸುವ ಹೊತ್ತಿಗೆ "ಹೋಗಿ ಸೌದೆ ತಗೊಂಡು ಬಾ" ಎಂದು ಅವನನ್ನು ಹೊರಗೆ ಅಟ್ಟುತ್ತಿದ್ದರು. ತಮ್ಮ ಕೇಳಿದರೆ ಒಂದೇ ಉತ್ತರ.

"ಕೈಗೆ ಗೊತ್ತು ಕಣೋ, ಬಾಯಿಗೆ ಬರಲ್ಲ."

ಒಂದು ದಿನ ಬನ್ನಿನಲ್ಲಿ ಉಪ್ಪಿರಲಿಲ್ಲ. ಇನ್ನೊಂದು ದಿನ ಹಿಟ್ಟು ಪಾತ್ರೆ ಮೀರಿ ಉಕ್ಕಿ ನೆಲಕ್ಕೆ ಇಳಿಯಿತು. ಹೇಳಿದ ತಮಾಷೆಯನ್ನೇ ಮಾಸ್ಟರು ಅದೇ ಗಿರಾಕಿಗೆ ಅರ್ಧ ಗಂಟೆಯಲ್ಲಿ ಮತ್ತೆ ಹೇಳಿದರು. ಪಾಪ, ಗಿರಾಕಿ ಎರಡು ಸಲವೂ ನಕ್ಕ.

ಆ ತಮ್ಮ, ಮಾಸ್ಟರಮ್ಮನ ಮೈದುನ, ಮೆಲ್ಲಗೆ ಬಂದು ಅವಳಿಗೆ ಹೇಳಿದ. "ಅತ್ತಿಗೆ, ಅಣ್ಣ ಎರಡು ಸಲ ಈಸ್ಟ್ ಹಾಕಿರಬೇಕು. ತಾನು ಹಾಕಿದ್ದು ತನಗೇ ನೆನಪಿಲ್ಲ. ಡಾಕ್ಟರ ಹತ್ರ ಒಂದು ಮಾತು ಹೇಳೋಣ."

"ಐವತ್ತೆಂಟಾಯ್ತು. ಮರೆವು ಬರದೆ ಇನ್ನೇನು ಬರುತ್ತೆ?"

"ಸಕ್ಕರೆ ಕಾಯಿಲೆಯಿಂದ ಇರಬಹುದಾ ಅಂತ."

"ಸಕ್ಕರೆಗೂ ತಲೆಗೂ ಎಲ್ಲಿಂದೆಲ್ಲಿಗೆ ಸಂಬಂಧ? ಅದು ಕಣ್ಣಿಗೆ ಬರುತ್ತೆ, ಕಾಲಿಗೆ ಬರುತ್ತೆ. ಚೀಟಿ ನೋಡಿದ್ದೀಯ ತಾನೇ?" ಮಾಸ್ಟರಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಬಾಯಿಗೆ ಬರಬಾರದ ಮಾತೂ ಬಂತು. "ನಿನಗೆ ಆ ಬನ್ನಿನ ಅಳತೆ ಬೇಕು. ಅದಕ್ಕೇ ಅಣ್ಣನ ತಲೆ ಕೆಟ್ಟಿದೆ ಅಂತ ಸುದ್ದಿ ಹಬ್ಬಿಸ್ತಿದ್ದೀಯ."

ಮೈದುನ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋದ. ಆಮೇಲೆ ಒಂದು ವರ್ಷ ಅವನು ಆ ವಿಷಯ ಎತ್ತಲಿಲ್ಲ. ಮಾಸ್ಟರಮ್ಮ ಅಂಗಡಿಯಿಂದ ನೆನಪಿನ ಶಕ್ತಿಯ ಟಾನಿಕ್ಕು ತಂದು ಗಂಡನಿಗೆ ಕುಡಿಸಿದಳು. ಅದೂ ಸಿಹಿಯಾಗಿತ್ತು.

ಆ ವರ್ಷ ಕಳೆದು ಬಂದ ಪರೀಕ್ಷೆಗೆ ಒಂದು ದಿನ ಉಳಿದಿತ್ತು. ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ದಿನದಿಂದ ಮಾಸ್ಟರ ಹೊಟ್ಟೆಗೆ ಸೌತೆಕಾಯಿ ಹೋಳು ಬಿಟ್ಟು ಏನೂ ಬಿದ್ದಿರಲಿಲ್ಲ, ಮಾತ್ರೆಗಳು ಮಾತ್ರ ಎರಡೆರಡು ಬಿದ್ದಿದ್ದವು. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೈ ನಡುಗುತ್ತಿತ್ತು. "ಏನ್ರೀ, ಕೂತ್ಕೊಳ್ಳಿ," ಎಂದು ಮಾಸ್ಟರಮ್ಮ ಹೇಳುವಷ್ಟರಲ್ಲಿ ಅವರು ಒಲೆಯ ಬಾಗಿಲು ತೆರೆದರು, ಬಟ್ಟೆ ಹಿಡಿಯದೆ ಬರಿಗೈಯಲ್ಲಿ ತಟ್ಟೆ ಎಳೆದರು. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯ ಬೆಂಕಿ ಸುಡುತ್ತದೆ ಎಂಬುದನ್ನು ಮರೆತಿದ್ದರು.

ಮೈದುನ ಅವರನ್ನು ಹಿಂದಕ್ಕೆ ಎಳೆದು ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ಮಾಸ್ಟರು ತಮ್ಮನ ಮುಖ ನೋಡಿ "ಯಾರಪ್ಪ ನೀನು?" ಎಂದರು.

ಬೀದಿ ಕೊನೆಯ ಆರೋಗ್ಯ ಕೇಂದ್ರದ ನರ್ಸಕ್ಕ ಅದೇ ಹೊತ್ತಿಗೆ ಬ್ರೆಡ್ಡಿಗೆಂದು ಬಂದಿದ್ದಳು. ಚೀಲದಲ್ಲಿದ್ದ ಪುಟ್ಟ ಯಂತ್ರಕ್ಕೆ ಮಾಸ್ಟರ ಬೆರಳಿನಿಂದ ಒಂದು ಹನಿ ರಕ್ತ ತಾಗಿಸಿದಳು. ನಲವತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

"ಸಕ್ಕರೆ ನೀರು ಕೊಡಿ, ಬೇಗ. ಎಚ್ಚರ ಇದೆ, ಕುಡಿಯೋಕಾಗುತ್ತೆ. ಏನು ತಿಂದಿದ್ದಾರೆ ಇವರು?"

"ತಿಂಡಿ ತಿಂದಿದ್ದಾರೆ," ಎಂದಳು ಮಾಸ್ಟರಮ್ಮ.

ಮೈದುನ ಅವಳನ್ನೇ ನೋಡಿದ. ನರ್ಸಕ್ಕನೂ ನೋಡಿದಳು. ಮಾಸ್ಟರಮ್ಮನಿಗೆ ಸುಳ್ಳನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ಕುರ್ಚಿಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು, ಎರಡು ದಿನದ ಉಪವಾಸ, ಜೋಡಿ ಮಾತ್ರೆ, ಎಂಬತ್ತೆಂಟು ದಿನದ ರುಚಿ.

ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ರಕ್ತ ಪರೀಕ್ಷೆ ಇದೆ. ಅದಕ್ಕೆ ಎರಡು ದಿನದ ಉಪವಾಸದ ಹಂಗಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಅದನ್ನು ಮಾಡಿಸಿದರು. ಏಳರ ಆಸುಪಾಸಿನಲ್ಲಿ ಇರಬೇಕಾದದ್ದು ಹತ್ತೂವರೆ ಇತ್ತು. ಮರೆವಿಗೆ ಬೇರೆ ಕಾರಣಗಳಿವೆಯೇ ಎಂದೂ ಹುಡುಕಿದರು, ಸಿಗಲಿಲ್ಲ.

"ಸಕ್ಕರೆ ತಲೆಗೂ ಹೋಗುತ್ತಾ?" ಎಂದು ಮಾಸ್ಟರಮ್ಮ ನರ್ಸಕ್ಕನನ್ನು ಕೇಳಿದಳು. ಅವಳ ದನಿಯಲ್ಲಿ ಮೊದಲಿನ ಜಂಬ ಇರಲಿಲ್ಲ.

"ಮಿದುಳು ಕೆಲಸ ಮಾಡೋದೇ ಸಕ್ಕರೆಯಿಂದ ಕಣಮ್ಮ, ನಿಮ್ಮ ಒಲೆ ಸೌದೆಯಿಂದ ಉರಿದ ಹಾಗೆ. ಆದ್ರೆ ಒಲೆಗೆ ವರ್ಷಗಟ್ಟಲೆ ಸೌದೆ ತುರುಕ್ತಾನೇ ಇದ್ರೆ ಏನಾಗುತ್ತೆ?"

"ಹೊಗೆ, ಮಸಿ," ಎಂದ ಮೈದುನ. "ಚಿಮಣಿ ಕಟ್ಟಿಕೊಳ್ಳುತ್ತೆ."

"ಹಾಗೇ. ರಕ್ತದಲ್ಲಿ ಸಕ್ಕರೆ ಹೆಚ್ಚಾಗೇ ಇದ್ರೆ ಮೈಯೊಳಗೂ ಒಂಥರಾ ಕೆಟ್ಟ ಹೊಗೆ ಹುಟ್ಟುತ್ತೆ ಅಂದ್ಕೊಳ್ಳಿ. ಡಾಕ್ಟರು ಅದನ್ನ ಆಕ್ಸಿಡೇಟಿವ್ ಒತ್ತಡ ಅಂತಾರೆ. ಅದು ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳನ್ನ ಕೆಡಿಸುತ್ತೆ, ಒಳಗೆ ಉರಿಯೂತ ಶುರುವಾಗುತ್ತೆ. ಗಾಯ ಆದ ಜಾಗ ಕೆಂಪಗಾಗಿ ಊದುತ್ತಲ್ಲ, ಆ ಥರದ್ದು. ಆದ್ರೆ ಇದು ಕಾಣಲ್ಲ, ನೋಯೋದೂ ಇಲ್ಲ. ನೋವಿದ್ದಿದ್ರೆ ನೀವೇ ಓಡಿ ಬರ್ತಿದ್ರಿ."

"ಅದಕ್ಕೇ ತಾನೇ ನಾನು ಇಳಿಸೋಕೆ ನೋಡಿದ್ದು."

"ನೀವು ಇಳಿಸಿದ್ದು ಚೀಟಿಲಿ. ಊಟ ಇಲ್ದೆ ಜೋಡಿ ಮಾತ್ರೆ ನುಂಗಿಸಿದ್ರೆ ಒಲೆ ಆರಿಹೋಗುತ್ತೆ. ಆಗ್ಲೂ ಏಟು ಬೀಳೋದು ಮಿದುಳಿಗೇ. ಚೀಟಿ ಚೆನ್ನಾಗಿದೆ ಅಂತ ಡಾಕ್ಟರೂ ಔಷಧಿ ಬದಲಾಯಿಸಲಿಲ್ಲ. ಅವರಾದ್ರೂ ಏನು ಮಾಡ್ತಾರೆ?"

ಮಾಸ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗಿದ್ದು ವಾಪಸ್ ಬರುತ್ತಾ?"

ನರ್ಸಕ್ಕ ಸುಳ್ಳು ಸಮಾಧಾನ ಹೇಳುವವಳಲ್ಲ. "ಎಷ್ಟು ಬರುತ್ತೋ ಗೊತ್ತಿಲ್ಲ. ಇರೋದನ್ನ ಕಾಪಾಡ್ಕೋಬಹುದು. ಹೊತ್ತಿಗೆ ಸರಿಯಾಗಿ ಊಟ, ಹೇಳಿದಷ್ಟೇ ಮಾತ್ರೆ. ದಿನಾ ಅರ್ಧ ಗಂಟೆ ನಡೀಬೇಕು. ರಕ್ತದೊತ್ತಡ ನೋಡಿಸ್ಬೇಕು, ಸೊಪ್ಪು ಕಾಳು ಹೆಚ್ಚು ತಿನ್ನಬೇಕು, ಬೀಡಿ ಸೇದ್ತಿದ್ರೆ ಬಿಡಬೇಕು, ಚೆನ್ನಾಗಿ ನಿದ್ದೆ ಮಾಡಬೇಕು. ಆ ಟಾನಿಕ್ಕು ಮಾತ್ರ ಬೇಡ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಬಂದ ಬುದ್ಧಿಯನ್ನು ಅವರು ಬಿಡಲಿಲ್ಲ. ರುಚಿ ನೋಡುವ ಕೆಲಸ ಮೈದುನನ ಪಾಲಾಯಿತು. ಅವನೂ ರಕ್ತ ಪರೀಕ್ಷೆ ಮಾಡಿಸಿಕೊಂಡ, ಸಕ್ಕರೆ ಗಡಿಯಲ್ಲಿದೆ ಎಂದರು. ಅವನು ಬಾಯಿಗೆ ಹಾಕಿದ್ದನ್ನು ಉಗುಳಿ ಬಾಯಿ ಮುಕ್ಕಳಿಸುವುದನ್ನು ಕಲಿತ. ಮಾಸ್ಟರು ಬೆಳಿಗ್ಗೆ ಹೆಂಡತಿಯ ಜೊತೆ ನಡೆಯಲು ಹೋದರು, ಹೋಗುವಾಗ ಒಂದಿಷ್ಟು ಬೈದರು, ಬರುವಾಗ ಒಂದಿಷ್ಟು ಬೈದರು. ಆರು ತಿಂಗಳಲ್ಲಿ ಹತ್ತೂವರೆ ಏಳೂವರೆಗೆ ಇಳಿಯಿತು. ಆ ಬೆವರು, ನಡುಕ ಮತ್ತೆ ಬರಲಿಲ್ಲ. ತಮ್ಮನನ್ನು ಯಾರೆಂದು ಅವರು ಮತ್ತೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಮಾಸ್ಟರೇ ತಮ್ಮನನ್ನು ಕರೆದರು. "ಬಾರೋ, ಪುಸ್ತಕ ತಗೊಂಡು ಬಾ. ಬನ್ನಿನ ಅಳತೆ ಬರ್ಕೋ. ಇನ್ನು ನನ್ನ ತಲೆ ನಂಬೋ ಹಾಗಿಲ್ಲ."

ತಮ್ಮ ಸೌದೆಗೆಂದು ಹೊರಗೆ ಹೋಗದೆ ಅಣ್ಣನ ಪಕ್ಕದಲ್ಲೇ ನಿಂತದ್ದು ಅಷ್ಟು ವರ್ಷದಲ್ಲಿ ಅದೇ ಮೊದಲು. ಮಾಸ್ಟರು ಹಿಟ್ಟು ಹೇಳಿದರು, ಹಾಲು ಹೇಳಿದರು, ಬೆಣ್ಣೆ, ಉಪ್ಪು, ಈಸ್ಟು ಹೇಳಿದರು. ತಮ್ಮ ಬರೆದುಕೊಂಡ. ಆಮೇಲೆ ಅವರು ಸುಟ್ಟ ಗಾಯದ ಕಲೆಯಿದ್ದ ಕೈಯನ್ನು ಪಾತ್ರೆಯ ಮೇಲೆ ಎತ್ತಿ, ಬೆರಳು ಜೋಡಿಸಿ, ಏನನ್ನೋ ಉದುರಿಸುವಂತೆ ಮಾಡಿದರು. ಬೆರಳಲ್ಲಿ ಏನೂ ಇರಲಿಲ್ಲ.

"ಇನ್ನೊಂದು ಇತ್ತು," ಎಂದರು. "ಕೊನೇಲಿ ಹಾಕ್ತಿದ್ದೆ. ಏನದು?"

ಹೆಂಡತಿಯ ಕಡೆ ನೋಡಿದರು. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ನೂರಾ ನಾಲ್ಕು ಮಾತ್ರ ಗೊತ್ತಿತ್ತು. ಮಾಸ್ಟರು ಡಬ್ಬಗಳನ್ನೆಲ್ಲ ಒಂದೊಂದಾಗಿ ತೆರೆದು ಮೂಸಿ ನೋಡಿದರು, ಮುಚ್ಚಿದರು. ಆ ದಿನದ ಬನ್ನು ಚೆನ್ನಾಗಿಯೇ ಬಂತು. ಎಲ್ಲ ಬೇಕರಿಯಲ್ಲೂ ಸಿಗುವಂಥ ಬನ್ನು, ಮಾರನೆಯ ದಿನಕ್ಕೆ ಗಟ್ಟಿಯಾಯಿತು.

"ನೀನು ಹೇಳಿದಾಗಲೇ ಕೇಳಬೇಕಿತ್ತು ಕಣಪ್ಪ," ಎಂದಳು ಮಾಸ್ಟರಮ್ಮ.

"ಕೇಳಿದ್ದಿದ್ರೂ ನನಗೆ ಅಳತೆ ಸಿಕ್ತಿರಲಿಲ್ಲ ಅತ್ತಿಗೆ," ಎಂದ ಮೈದುನ. "ಅಣ್ಣ ಬಿಟ್ಟುಕೊಡ್ತಿರಲಿಲ್ಲ. ಆದ್ರೆ ಅದು ಅವನ ತಲೇಲಾದ್ರೂ ಇರ್ತಿತ್ತು."



ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಳೆಯ ಪರೀಕ್ಷೆಗಾಗಿ ಇವತ್ತು ಊಟ ಬಿಟ್ಟು ಕೂತವರು ಇರಬಹುದು. ರಾತ್ರಿಯಿಂದ ಖಾಲಿ ಹೊಟ್ಟೆ ಎಂದು ಡಾಕ್ಟರು ಹೇಳಿದ್ದರೆ ಅಷ್ಟೇ ಮಾಡಿ. ದಿನಗಟ್ಟಲೆ ಉಪವಾಸ ಬೇಡ, ಜೋಡಿ ಮಾತ್ರೆ ಬೇಡ. ಮೂರು ತಿಂಗಳ ಸರಾಸರಿಯ ಪರೀಕ್ಷೆ ಕೇಳಿ ಮಾಡಿಸಿ. ಬೆವರು, ನಡುಕ, ತಬ್ಬಿಬ್ಬು ಕಂಡರೆ ತಡಮಾಡದೆ ಸಿಹಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಸಕ್ಕರೆ ಕಾಯಿಲೆ ಇದ್ದವರು ಮರೆಯುತ್ತಿದ್ದಾರೆ ಎಂದು ಮನೆಯವರು ಯಾರಾದರೂ ಹೇಳಿದರೆ ಅವರ ಬಾಯಿ ಮುಚ್ಚಿಸಬೇಡಿ, ಡಾಕ್ಟರಿಗೆ ಹೇಳಿ. ಚೀಟಿ ನೋಡಿ ಡಾಕ್ಟರು ಮೋಸ ಹೋಗಬಹುದು, ಬೀದಿಯವರು ಹೋಗಬಹುದು. ನಿಮ್ಮವರ ಮಿದುಳು ಮೋಸ ಹೋಗುವುದಿಲ್ಲ. ಅದು ಎಂಬತ್ತೆಂಟು ದಿನವನ್ನೂ ಉಂಡಿರುತ್ತದೆ.