ಕೈ ಬಿಡಿಸುವ ಪಾಠ

ಕಿತ್ತಳೆ ಬಣ್ಣದ ಜಾಕೀಟಿನೊಳಗೆ ಯಾರದೋ ಹಳೆಯ ಬೆವರಿನ ವಾಸನೆ, ಇದನ್ನು ಮೊದಲು ತೊಟ್ಟವರು ಯಾರೋ, ಬದುಕಿಸಲು ಹೋದವರೋ ಬದುಕಲು ತೊಟ್ಟವರೋ, ಉಜ್ವಲಾ ಎದೆಯ ಮೇಲಿನ ಬಕಲ್ಲನ್ನು ಹಾಕುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ, ಟಪ್ ಎಂದು ಅದು ಕೂರುವ ಸದ್ದಿನಲ್ಲಿ ಏನೋ ಒಂದು ಧೈರ್ಯ — ಹೊಳೆ ಇವತ್ತು ಎಷ್ಟು ಸಂಭಾವಿತೆ, ಹಾಲು ಕುಡಿದ ಬೆಕ್ಕಿನ ಹಾಗೆ ಜುಗೂಳದ ದಂಡೆಗೆ ಮೈಚಾಚಿ ಮಲಗಿದ್ದಾಳೆ ಕೃಷ್ಣವ್ವ, ಮುಂಗಾರಿಗೆ ಇನ್ನೂ ವೇಳೆಯಿದೆ, ಇವಳೇ ಆ ವರ್ಷದ ನೆರೆಯಲ್ಲಿ ಅಗಸಿ ದಾಟಿ ಊರೊಳಗೆ ಬಂದು ಉಜ್ವಲಾಳ ಗಂಡ ಸಂಜಯನನ್ನು ನುಂಗಿದವಳು ಎಂದರೆ ಯಾರು ನಂಬುತ್ತಾರೆ, ಬಾಯಿ ಒರೆಸಿಕೊಂಡು ಕೂತಿದ್ದಾಳೆ. ಶ್ರೀಪಾಲ ಸರ್ ಸೀಟಿ ಊದುತ್ತಾರೆ, ಜೋಡಿ ಜೋಡಿ ಆಗ್ರಿ, ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಚಡ್ಡಿಯಲ್ಲಿ ನಗುತ್ತ ನೀರಿಗೆ ಇಳಿಯುತ್ತಾರೆ, ಅವರ ಹಿಂದೆ ನೆರೆ ಬರುವ ಊರುಗಳಿಂದ ಆರಿಸಿ ಕರೆತಂದ ಸ್ವಯಂಸೇವಕರು, ನಿನ್ನೆಯವರೆಗೆ ಅವಳಿಗೆ ಸದಲಗಾದ ಪೂನಮ ಜೋಡಿಯಾಗಿದ್ದಳು, ಇಡೀ ತರಬೇತಿಗೆ ಇಬ್ಬರೇ ಹೆಂಗಸರು, ಇವತ್ತು ಬೆಳಿಗ್ಗೆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಪೂನಮ ಮೇಲೆ ಕೂತಿದ್ದಾಳೆ, ಹಾಗಾಗಿ ಉಳಿದವರು ಜುಗೂಳದವರಿಬ್ಬರೇ, ಉಜ್ವಲಾ ಮತ್ತು ಬಾಬಾಸಾಹೇಬ, ಅವಳ ಭಾವ, ಗಂಡನ ಅಣ್ಣ. ಮದುವೆಯಾಗಿ ಬಂದಾಗಿನಿಂದ ಅವನ ಕೆಮ್ಮು ಕೇಳಿದರೆ ಸಾಕು ಸೆರಗು ತಲೆಗೇರುತ್ತದೆ, ಚಹಾದ ಕಪ್ಪನ್ನು ಕೂಡ ಕೈಗೆ ಕೊಟ್ಟವಳಲ್ಲ, ಕಟ್ಟೆಯ ಮೇಲಿಟ್ಟು ಒಳಗೆ ಸರಿಯುವುದು, ಈಗ ನೋಡಿದರೆ ಪ್ಯಾಂಟು, ಬನಿಯನ್ನಿನಂಥ ಅಂಗಿ, ಸೆರಗು ಹುಡುಕಿ ಕೈ ಹೆಗಲಿಗೆ ಹೋಗಿ ಬರಿದಾಗಿ ಬರುತ್ತದೆ. ಬಾಬಾಸಾಹೇಬ ನೀರನ್ನೇ ನೋಡುತ್ತ ಬ್ಯಾಡ್ರಿ ಸರ್, ನಾ ದಳದ ಹುಡುಗ ಮಲಕಾರಿ ಜೋಡಿ ಆಗತೇನಿ ಅನ್ನುತ್ತಾನೆ, ಸರ್ ಅದಕ್ಕೆ ಹೊಳಿಗೆ ಭಾವನೂ ಗೊತ್ತಿಲ್ಲ, ತಮ್ಮನ ಹೆಂಡ್ತಿನೂ ಗೊತ್ತಿಲ್ರಿ, ನೆರಿ ಬಂದಾಗ ನಿಮ್ಮೂರ ದೋಣ್ಯಾಗ ಕುಂದ್ರೂದು ನೀವಿಬ್ರ, ಬರ್ರಿ ನೀರಿಗೆ ಅನ್ನುತ್ತಾರೆ.

ಬರುತ್ತಾರೆ, ಬರದೆ ಎಲ್ಲಿಗೆ ಹೋದಾರು, ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ, ತಣ್ಣಗೆ ಹೊಟ್ಟೆಗೆ ತಾಗಿದಾಗ ಮೈ ಒಮ್ಮೆ ಜುಮ್ಮೆನ್ನುತ್ತದೆ, ದೋಣಿ ಅಂದರಲ್ಲ ಸರ್, ದಂಡೆಯಲ್ಲಿ ಗಾಳಿ ತುಂಬಿಸಿಕೊಂಡು ಬಿದ್ದಿದೆ ಹೊಸ ರಬ್ಬರ್ ದೋಣಿ, ಆವತ್ತು ಎಲ್ಲಿತ್ತು ಇದು — ಆವತ್ತು ಇದ್ದದ್ದು ಕೊಪ್ಪರಿಗೆ. ಈ ಹೊಳೆಸಾಲಿನಲ್ಲಿ ದೋಣಿಗೆ ಕಾಯುತ್ತ ಕೂತವರು ಯಾರು, ಗಾಣದ ಮನೆಯಲ್ಲಿ ಬೆಲ್ಲ ಕುದಿಸುವ ಕೊಪ್ಪರಿಗೆ ಇದೆಯಲ್ಲ, ಅದನ್ನೇ ಉರುಳಿಸಿಕೊಂಡು ಬಂದು ನೀರಿಗೆ ಬಿಡುವುದು, ಅಜ್ಜ ಬಿಟ್ಟಿದ್ದ, ಅಪ್ಪ ಬಿಟ್ಟಿದ್ದ, ಮುದುಕಿಯರು ಬಾಣಂತಿಯರು ಅದರಲ್ಲೇ ಕೂತು ದಾಟಿದ್ದಾರೆ, ಆದರೆ ಅದಕ್ಕೆ ತಲೆಯಿಲ್ಲ ಬಾಲವಿಲ್ಲ, ಗುಂಡಗಿನ ಪಾತ್ರೆ, ಸೆಳವು ಎತ್ತ ತಿರುಗಿಸಿದರೆ ಅತ್ತ ತಿರುಗುತ್ತದೆ. ಊರೆಲ್ಲ ಶಾಲೆಯ ಮಾಳಿಗೆ ಹತ್ತಿತ್ತು, ಅತ್ತೆ ಶಿವಗಂಗವ್ವ ಎದೆ ಬಡಿದುಕೊಳ್ಳುತ್ತಿದ್ದಳು, ಗಬ್ಬದ ಎಮ್ಮಿ ಕೊಟ್ಟಿಗ್ಯಾಗ ಕಟ್ಟಿದ್ದು ಕಟ್ಟಿದ್ಹಂಗ ಐತಿ, ಬಾಯಿಲ್ಲದ ಜೀವ, ಕಣ್ಣಿ ಹರದು ಬರೂದರ ಹೆಂಗ ಬಂದೀತು — ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ, ಎಮ್ಮೆ ಬಿಟ್ಟು ಬಂದ ಮನೆ ಎಂದು ನಾಳೆ ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ, ಅಣ್ಣ ತಮ್ಮ ಇಬ್ಬರೂ ಕೊಪ್ಪರಿಗೆ ಹತ್ತಿದರು, ಸಂಜಯ ಉದ್ದದ ಬಿದಿರನ್ನು ಊರಿ ನೂಕುತ್ತ ತಿರುಗಿ ನೋಡಿ ಚಹಾ ಮಾಡಿ ಇಡು ಅಂದ, ಶಾಲೆಯ ಮಾಳಿಗೆಯ ಮೇಲೆ ಚಹಾ, ಹೀಗೇ ಇರುತ್ತಿತ್ತು ಅವನ ಮಾತು, ಅವಳು ನಕ್ಕಿದ್ದಳು. ಆಮೇಲೆ ದೊಡ್ಡ ಹುಣಸೆಮರದ ಮರೆಗೆ ಹೋದರು. ಮರದ ಆಚೆಗೆ ಏನಾಯಿತೋ ಅವಳಿಗೆ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ, ಕಂಡದ್ದು ಇಷ್ಟೇ — ಮರದ ಮರೆಯಿಂದ ಕೊಪ್ಪರಿಗೆ ಹೊರಗೆ ಬಂತು, ಖಾಲಿ, ಕೆಂಪು ನೀರಿನ ಮೇಲೆ ಮೆಲ್ಲಗೆ ತಿರುಗುತ್ತ, ಅವಸರವೇ ಇಲ್ಲದವರ ಹಾಗೆ, ಸುತ್ತು ಬಂದಾಗಲೆಲ್ಲ ಅಂಚು ಬಿಸಿಲಿಗೆ ಒಮ್ಮೆ ಮಿಂಚುತ್ತಿತ್ತು.

ಬಾಬಾಸಾಹೇಬನನ್ನು ಸಂಜೆ ಜಾಲಿಮರದ ಕೊಂಬೆಯಿಂದ ಇಳಿಸಿ ತಂದರು, ಸಂಜಯ ಸಿಕ್ಕದ್ದು ನೀರು ಇಳಿದ ಮೇಲೆ, ಸಿಕ್ಕದ್ದನ್ನು ನೆನೆಯುವುದು ಬೇಡ, ಸಿಕ್ಕದ್ದನ್ನು ಅವಳು ಎಂದೂ ನೆನೆಯುವುದಿಲ್ಲ, ನೆನೆಯುವುದು ಭಾವ ಹೇಳಿದ ಮಾತನ್ನು, ಕಂಬಳಿ ಹೊದ್ದು ನಡುಗುತ್ತ ಅವನು ತಾಯಿಯ ಮುಂದೆ ಹೇಳಿದ್ದು, ಕೈ ಹಿಡದಿದ್ನೆವ್ವಾ, ಬಿಟ್ಟಿರಲಿಲ್ಲ, ಅಂವನ ಬಿಟ್ಟ, ಅಣ್ಣಾ ನೀ ಹೋಗು, ಇಬ್ರೂ ಸಾಯೂದು ಬ್ಯಾಡ, ಉಜ್ವಲಾಗ ಹೇಳು ಅಂದ. ಏನು ಹೇಳು ಅಂದನೋ ಅದು ಅರ್ಧಕ್ಕೇ ನಿಂತಿತ್ತು, ನಿಂತದ್ದನ್ನು ಊರು ಪೂರ್ತಿ ಮಾಡಿತು, ಒಬ್ಬರು ಮಗಳನ್ನು ಓದಿಸು ಅಂದನಂತೆ ಎಂದರು, ಒಬ್ಬರು ಅವ್ವನನ್ನು ನೋಡಿಕೋ ಅಂದನಂತೆ ಎಂದರು, ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ ನನ್ನ ಮಗ ತಾನಾಗಿ ಕೈ ಬಿಟ್ಟಾನ, ಅಣ್ಣನ ಉಳಿಸ್ಯಾನ, ಮಗಳು ಮನೀಷಾ ಶಾಲೆಯ ಭಾಷಣದಲ್ಲಿ ನನ್ನ ಅಪ್ಪ ಎಂದು ಅದನ್ನೇ ಹೇಳಿ ಬಹುಮಾನ ತಂದಿದ್ದಾಳೆ, ಮತ್ತು ಉಜ್ವಲಾ, ಅವಳು ಅದನ್ನು ಯಾರಿಗೂ ಹೇಳುವುದಿಲ್ಲ, ಅದರ ಮೇಲೆ ಬದುಕುತ್ತಾಳೆ ಅಷ್ಟೇ, ದಿನಾ ಅದನ್ನು ಉಂಡು ಏಳುತ್ತಾಳೆ. ಕೊನೆಗಳಿಗೆಯಲ್ಲಿ ತನ್ನ ಹೆಸರು ಅವನ ಬಾಯಲ್ಲಿತ್ತು ಎನ್ನುವುದು ಸಣ್ಣ ಮಾತೇನು.

ಆದರೆ ಈ ತರಬೇತಿ, ಈ ಹಾಳು ತರಬೇತಿ, ಮೊದಲೆಲ್ಲ ಚೆನ್ನಾಗಿಯೇ ಇತ್ತು, ಚಿಕ್ಕೋಡಿಯ ಮೈದಾನದಲ್ಲಿ ತಟ್ಟೆಗೆ ಡೀಸೆಲ್ ಸುರಿದು ಹೊತ್ತಿಸಿದರು, ಬೆಂಕಿಯ ತುದಿಗೆ ಹೊಡೀಬ್ಯಾಡ್ರಿ ಬುಡಕ್ಕ ಹೊಡೀರಿ ಅಂದರು, ಹುಬ್ಬು ಸುಟ್ಟುಕೊಂಡವಳು ಪೂನಮ, ನಕ್ಕವಳು ಇವಳು, ಗೋಣಿಚೀಲದ ಹೊಗೆ ತುಂಬಿದ ಕೋಣೆಯಲ್ಲಿ ಗೋಡೆ ಸವರುತ್ತ ತೆವಳಿ ಗೊಂಬೆಯನ್ನು ಎಳೆದು ತಂದಾಗ ದಳದ ಹುಡುಗರೇ ವೈನಿ ಭಾರೀ ಗಟ್ಟಿ ಅದಾರ ಅಂದಿದ್ದರು, ಮಲಗಿಸಿದ ಗೊಂಬೆಯ ಎದೆ ಒತ್ತುತ್ತ ಒತ್ತುತ್ತ ಅವಳಿಗೆ ತಾನು ಯಾರನ್ನೋ ನಿಜಕ್ಕೂ ಎಬ್ಬಿಸಿಬಿಡುತ್ತೇನೆ ಅನಿಸಿತ್ತು. ಅವಳ ಹೆಸರು ಬರೆಸಿದವನು ಬಾಬಾಸಾಹೇಬನೇ, ಊರಿನ ತಂಡಕ್ಕೆ ಒಬ್ಬ ಹೆಂಗಸು ಬೇಕು, ಉಜ್ವಲಾ ಬರಲಿ ಅಂದದ್ದು ಅವನೇ, ಯಾಕಂದನೋ ಆಗ ಕೇಳಲಿಲ್ಲ. ಈವತ್ತು ಬೆಳಿಗ್ಗೆ, ಪೂನಮ ಜಾರುವುದಕ್ಕೂ ಮೊದಲು, ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿ ಶ್ರೀಪಾಲ ಸರ್ ಹೇಳಿದರು, ಮುಂಬೈ ಪುಣೆಯ ಅಗ್ನಿಶಾಮಕ ದಳದಲ್ಲಿ ತಲೆ ಬೆಳ್ಳಗಾದ ಮನುಷ್ಯ, ಹಗುರವಾಗಿ ಮಾತಾಡುವವರಲ್ಲ, ಮುಳುಗೋ ಮನಷ್ಯಾ ಸಿನಿಮಾದಾಗ ಅಷ್ಟ ಕೂಗತಾನ್ರಿ, ಖರೇ ಮುಳುಗುವಾಗ ಕೂಗೂದಿಲ್ಲ, ಬಾಯಿ ನೀರಿನ ಮ್ಯಾಲ ಬಂದಷ್ಟ ಹೊತ್ತು ಉಸರಿಗೇ ಸಾಲೂದಿಲ್ಲ, ಮಾತ ಎಲ್ಲಿಂದ ಬರಬೇಕು, ಇನ್ನ ಕೈ, ಏನ ಸಿಕ್ಕರೂ ಹಿಡೀತಾನ, ಹೆತ್ತ ತಾಯಿ ಇದ್ರೂ ತಲಿಮ್ಯಾಲ ಹತ್ತಿ ತುಳೀತಾನ, ಹಿಡದದ್ದನ್ನ ತಾನಾಗಿ ಎಂದೂ ಬಿಡೂದಿಲ್ಲ, ಸತ್ತ ಮ್ಯಾಲೂ ಒಂದೊಂದ ಬೆರಳ ಬಿಡಿಸಬೇಕಾಗ್ತದ, ಸಮಜಲಾ, ತಿಳೀತೇನ್ರಿ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಸುಮ್ಮನೆ ಹೇಳಿದ್ದಾರೆಯೇ ಹಿರಿಯರು, ಎಲ್ಲರೂ ತಲೆಯಾಡಿಸಿದರು, ಅವಳೂ ಆಡಿಸಿದಳು, ಆಡಿಸುತ್ತ ಮನಸ್ಸಿನಲ್ಲೇ ನಕ್ಕಳು, ನನ್ನ ಗಂಡನನ್ನು ನೀವು ಕಂಡಿಲ್ಲ ಸರ್, ಅವನು ಬಿಟ್ಟ, ಮಾತಾಡಿಯೇ ಬಿಟ್ಟ. ನಗು ಅರ್ಧಕ್ಕೆ ನಿಂತಿತು, ತಿರುಗಿ ನೋಡಿದಳು, ಬಾಬಾಸಾಹೇಬ ತಲೆ ತಗ್ಗಿಸಿ ಮೆಟ್ಟಿಲ ಪಾಚಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

ಈಗ ನೀರು ಎದೆಗೆ ಬಂದಿದೆ, ಸರ್ ದಂಡೆಯಿಂದ ಕೂಗುತ್ತಾರೆ, ಮೊದಲ ಹೆಣ್ಣಮಗಳು ಮುಳಗಾಕಿ, ಮುಂದಿನಿಂದ ಕೊರಳ ಹಿಡೀಬೇಕು, ಗಟ್ಟಿ, ಬಾಬಾಸಾಹೇಬ ನೀವು ಏನೂ ಮಾಡಬ್ಯಾಡ್ರಿ, ಸುಮ್ನ ಹಿಡಿಸ್ಕೊಂಡು ನೋಡ್ರಿ ಹೆಂಗ ಆಗ್ತದ ಅಂತ, ಬಿಡಿಸೂದು ಆಮ್ಯಾಲ ನಾ ತೋರಿಸ್ತೀನಿ, ಅವಳು ನಾಚಿಕೆಯಿಂದ ಸಾಯುತ್ತ ಎರಡು ಬೆರಳು ಅವನ ಹೆಗಲಿಗೆ ತಾಗಿಸುತ್ತಾಳೆ, ಹಿಂಗ ಹಿಡದ್ರ ಮೀನೂ ಸಿಗೂದಿಲ್ರಿ ಅನ್ನುತ್ತಾರೆ ಸರ್, ಹುಡುಗರು ನಗುತ್ತಾರೆ, ಅವಳು ಒಂದು ಹೆಜ್ಜೆ ಮುಂದಿಡುತ್ತಾಳೆ, ಅಲ್ಲಿ ಮರಳಿಲ್ಲ, ಕಾಲ ಕೆಳಗೆ ಏನೂ ಇಲ್ಲ, ಮೂಗಿಗೆ ನೀರು, ಕಣ್ಣಿಗೆ ಹಸಿರು, ಜಾಕೀಟು ಇದೆ ಎನ್ನುವುದು ನೆನಪೇ ಇಲ್ಲ, ಕೈಗಳು ತಾವಾಗಿ ಹೋಗಿ ಅವನ ಕೊರಳನ್ನು ಸುತ್ತಿಕೊಳ್ಳುತ್ತವೆ, ಭಾವ ಇಲ್ಲ ಮರ್ಯಾದೆ ಇಲ್ಲ, ಒಂದು ಕಂಬ ಅಷ್ಟೇ, ಹತ್ತಬೇಕು, ಮೇಲೆ ಹತ್ತಬೇಕು — ಆಗ ಆ ಕಂಬ ಕುಸಿಯುತ್ತದೆ. ಅವನು ಗದ್ದವನ್ನು ಎದೆಗೆ ಒತ್ತಿಕೊಂಡು ತಾನೇ ನೀರೊಳಗೆ ಇಳಿಯುತ್ತಾನೆ, ಅವಳನ್ನೂ ಇಳಿಸುತ್ತಾನೆ, ಒಂದು ಅಂಗೈ ಅವಳ ದವಡೆಯ ಕೆಳಗೆ ಬಂದು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಮೊಣಕೈಯನ್ನು ಎತ್ತುತ್ತದೆ, ಮೊಣಕಾಲು ಹೊಟ್ಟೆಯ ಕುಳಿಗೆ, ಒಂದು ಒದೆ, ಬೆರಳುಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ಅವನು ದೂರದಲ್ಲಿದ್ದಾನೆ, ಇವಳು ಒಬ್ಬಳೇ ನೀರಿನಲ್ಲಿ, ಜಾಕೀಟು ಎತ್ತಿ ಮೇಲೆ ತರುತ್ತದೆ, ಕೆಮ್ಮು, ಬಿಸಿಲು. ಸರ್ ಚಪ್ಪಾಳೆ ತಟ್ಟುತ್ತಿದ್ದಾರೆ. ಶಾಬ್ಬಾಸ್ ಬಾಬಾಸಾಹೇಬ, ನಾ ಇನ್ನ ತೋರಿಸೇ ಇಲ್ಲ, ಎಲ್ಲಿ ಕಲ್ತ್ರಿ ಇದನ್ನ, ನೋಡ್ರಿ ಹುಡುಗ್ರ, ಹಿಂಗ ಬಿಡಿಸಬೇಕು, ಇದರಾಗ ಪಾಪ ಇಲ್ಲ, ಬಿಡಿಸಲಿಲ್ಲ ಅಂದ್ರ ಒಂದ ಹೆಣದ ಜಾಗಾದಾಗ ಎರಡ ಹೆಣ. ಹುಡುಗರೂ ಚಪ್ಪಾಳೆ ತಟ್ಟುತ್ತಾರೆ, ಮೆಟ್ಟಿಲ ಮೇಲೆ ಕೂತ ಪೂನಮಳೂ ತಟ್ಟುತ್ತಾಳೆ, ಬಾಬಾಸಾಹೇಬ ತನ್ನ ಎರಡೂ ಅಂಗೈಗಳನ್ನು ನೀರಿನಿಂದ ಎತ್ತಿ ನೋಡಿಕೊಳ್ಳುತ್ತಿದ್ದಾನೆ.

ಎಲ್ಲಿ ಕಲ್ತ್ರಿ, ಎಲ್ಲಿ ಕಲ್ತ್ರಿ, ಹುಣಸೆಮರದ ಆಚೆಗೆ ಕಲಿತದ್ದು ಸರ್, ಅವಳ ದವಡೆ ನೋಯುತ್ತಿದೆ, ಅವನ ಅಂಗೈ ಒತ್ತಿದ ಜಾಗ, ಇದೇ ಜಾಗದಲ್ಲಿ ಸಂಜಯನಿಗೂ ಒತ್ತಿರಬೇಕು, ಅಣ್ಣ ಎಂದು ಗುರುತಾಗಿತ್ತೋ ಇಲ್ಲವೋ, ಕಂಬ ಎಂದೇ ತಿಳಿದಿದ್ದನೋ — ಸಿಟ್ಟು ಬರಬೇಕು, ಬರಲಿ, ಎಲ್ಲಿದೆ ಸಿಟ್ಟು, ಈ ಮನುಷ್ಯ ಅಂದಿನಿಂದ ಬೆಲ್ಲ ಮಾಡಿಲ್ಲ, ಗಾಣದ ಮನೆಗೆ ಬೀಗ ಹಾಕಿ ಕಬ್ಬನ್ನೆಲ್ಲ ಕಾರ್ಖಾನೆಗೆ ಕಳಿಸುತ್ತಾನೆ, ಕೊಪ್ಪರಿಗೆಯನ್ನು ಹಿತ್ತಿಲಲ್ಲಿ ಬೋರಲು ಹಾಕಿದ್ದಾನೆ, ಮನೀಷಾ ಜ್ವರ ಬಂದು ಮಲಗಿದಾಗ ಅಥಣಿಯವರೆಗೆ ಹೊತ್ತುಕೊಂಡೇ ಓಡಲು ಹೊರಟಿದ್ದ, ಹಬ್ಬಕ್ಕೆ ತನ್ನ ಮಕ್ಕಳಿಗಿಂತ ಮೊದಲು ಅವಳಿಗೆ ಬಟ್ಟೆ, ತಾಯಿ ಊರವರ ಮುಂದೆ ಆ ಕಥೆ ಎತ್ತಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾನೆ, ತಮ್ಮನ ದುಃಖ ಅಂದುಕೊಂಡಿದ್ದರು ಎಲ್ಲ, ಅವಳೂ ಅಂದುಕೊಂಡಿದ್ದಳು. ಸರ್ ಹೇಳಿದ್ದು ಸರಿ, ಬಿಡಿಸದಿದ್ದರೆ ಎರಡು ಹೆಣ, ಅತ್ತೆಗೆ ಇಬ್ಬರು ಮಕ್ಕಳೂ ಇಲ್ಲ, ಮನೆಗೆ ಗಂಡು ದಿಕ್ಕೇ ಇಲ್ಲ, ಅವನು ಬದುಕಿದ್ದರಿಂದಲೇ ಇವಳೂ ಬದುಕಿದ್ದಾಳೆ, ಎಲ್ಲ ಸರಿ, ಕೈ ಬಿಡಿಸಿಕೊಂಡಿದ್ದು ಸರಿ, ಅದನ್ನು ಅವಳು ಈ ಕ್ಷಣವೇ ಕ್ಷಮಿಸಿಯಾಳು, ಆದರೆ ಆ ಮಾತು, ಉಜ್ವಲಾಗ ಹೇಳು ಎಂಬ ಆ ಒಂದು ಮಾತು, ದೇವರೇ, ಅದಾದರೂ ನಿಜವಾಗಿರಲಿ.

ಸೀಟಿ. ಈಗ ಅದಲು ಬದಲು, ಬಾಬಾಸಾಹೇಬ ಮುಳಗವ, ಹೆಣ್ಣಮಗಳು ಬಿಡಿಸ್ಕೊಳ್ಳಬೇಕು, ಅವನು ಹತ್ತಿರ ಬರುತ್ತಾನೆ, ತನ್ನದಲ್ಲದ ವಸ್ತುವನ್ನು ಮುಟ್ಟುವವನಂತೆ ಅವಳ ಹೆಗಲ ಮೇಲೆ ಕೈಯಿಡುತ್ತಾನೆ, ಹಿಡೀರಿ ಬಾಬಾಸಾಹೇಬ ಗಟ್ಟಿ ಹಿಡೀರಿ ಎಂದು ದಂಡೆಯಿಂದ ಕೂಗು, ಹಿಡಿಯುತ್ತಾನೆ, ಅವನ ಮುಖ ಇಷ್ಟು ಹತ್ತಿರದಿಂದ ಅವಳು ಎಂದೂ ಕಂಡದ್ದಲ್ಲ, ಹುಬ್ಬಿನ ನಡುವೆ ಸಂಜಯನದೇ ಗೆರೆ, ಮೂಗೂ ಅವನದೇ. ಅವಳಿಗೆ ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸುತ್ತದೆ, ಸಣ್ಣಗೆ, ಬೇರೆ ಯಾರಿಗೂ ಮುಟ್ಟದಷ್ಟು ಸಣ್ಣಗೆ, ಭಾವಾ, ಅವರು ನನ್ನ ಹೆಸರ ಅಂದಿದ್ರೇನ್ರಿ.

ನೀರು ಅವನ ಗದ್ದವನ್ನು ಮುಟ್ಟುತ್ತಿದೆ. ಅಂವನ ಬಾಯಿ ತುಂಬ ನೀರಿತ್ತು ತಂಗಿ, ಅನ್ನುತ್ತಾನೆ, ಅಷ್ಟೇ ಅನ್ನುತ್ತಾನೆ, ಆಮೇಲೆ ಅವನ ಕೈಗಳು ಬಿಗಿಯಾಗುತ್ತವೆ, ಪಾಠಕ್ಕೆ ಹಿಡಿದ ಕೈಗಳಲ್ಲ ಈಗ ಇವು, ಅವನ ತಲೆ ಅವಳ ಜಾಕೀಟಿನ ಮೇಲೆ ಬೀಳುತ್ತದೆ, ಬಿಡಿಸ್ಕೋರಿ, ದವಡಿ ಕೆಳಗ ಅಂಗೈ, ಅಂಗೈ ಹಾಕ್ರಿ ಎಂದು ಸರ್ ಕೂಗುತ್ತಿದ್ದಾರೆ, ಅವಳಿಗೆ ಗೊತ್ತು ಎಲ್ಲಿ ಹಾಕಬೇಕೆಂದು, ದವಡೆ ಇನ್ನೂ ಹೇಳಿಕೊಡುತ್ತಿದೆ, ಅಂಗೈ ನೀರಿನಿಂದ ಮೇಲೆ ಬರುತ್ತದೆ, ಅವನ ಗದ್ದದ ಹತ್ತಿರ ಬಂದು ನಿಲ್ಲುತ್ತದೆ, ಸಂಜೆ ಮನೆಯಲ್ಲಿ ಅತ್ತೆ ಕೇಳುತ್ತಾಳೆ ಏನ ಕಲಿಸಿದ್ರವ್ವಾ ಇವತ್ತ, ಮನೀಷಾ ಕೇಳುತ್ತಾಳೆ, ಏನು ಹೇಳುವುದು, ಏನು ಹೇಳು ಅಂದಿದ್ದ ಅವನು, ಏನೂ ಅಂದಿರಲಿಲ್ಲ, ಸೀಟಿ, ಮತ್ತೆ ಸೀಟಿ, ಅಂಗೈ ಅಲ್ಲೇ ಇದೆ, ತಳ್ಳುತ್ತಲೂ ಇಲ್ಲ ಇಳಿಯುತ್ತಲೂ ಇಲ್ಲ, ಅವನ ಹೆಗಲಿನಾಚೆ ದಂಡೆ, ದಂಡೆಯಾಚೆ ಹುಣಸೆಮರ, ಮರದ ಮರೆಯಿಂದ ಆವತ್ತಿನ ಕೊಪ್ಪರಿಗೆ ಹೊರಗೆ ಬರುತ್ತಿದೆ, ಖಾಲಿ, ಅಂಚು ಮಿಂಚುತ್ತದೆ, ತಿರುಗುತ್ತದೆ, ಖಾಲಿ, ತಿರುಗುತ್ತದೆ