ಕೆಳಗಿಟ್ಟ ಚಾಕು

ಗುಂಡ್ಲುಪೇಟೆಯ ಪಾತ್ರೆ ಅಂಗಡಿಯಲ್ಲಿ ಹತ್ತು ಚಾಕು ಎತ್ತಿ ನೋಡಿ, ಚೈತ್ರ ಎಲ್ಲಕ್ಕಿಂತ ಹರಿತವಾದದ್ದನ್ನೇ ಆರಿಸಿ ತಂದಿದ್ದಳು. ಜೀವಮಾನವೆಲ್ಲ ಈಳಿಗೆಮಣೆಯಲ್ಲೇ ಹೆಚ್ಚಿದ್ದ ಅತ್ತೆ ಪುಟ್ಟಸಿದ್ದಮ್ಮನಿಗೆ ಅದರ ಹೊಳಪು ಕಂಡೇ ಎದೆ ಝಲ್ಲೆಂದಿತು.

"ಬದ್ನೆಕಾಯಿ ಹೆಚ್ಚಿ ನೋಡಿ ಅತ್ತೆ" ಎಂದು ಸೊಸೆ ಚಾಕು ಚಾಚಿದಳು.

"ಕೈಗೆ ಕೊಟ್ರೆ ಜಗಳ ಆಯ್ತದೆ ಕಣವ್ವ, ಕೆಳಗಿಕ್ಕು."

ಚೈತ್ರ ಅದನ್ನು ನೆಲದ ಮೇಲಿಟ್ಟು ಒಲೆಯತ್ತ ತಿರುಗಿದಳು. ಮಂಡಿನೋವಿನ ಪುಟ್ಟಸಿದ್ದಮ್ಮ ಗೋಡೆ ಹಿಡಿದು ಬಗ್ಗುವಷ್ಟರಲ್ಲಿ, ಅಂಬೆಗಾಲಿಕ್ಕಿ ಬಂದ ಮೊಮ್ಮಗು ಅಲಗಿನ ಮೇಲೆ ಅಂಗೈಯಿಟ್ಟು ನಗುತ್ತಿತ್ತು. ಕೂಗಿದರೆ ಬೆಚ್ಚಿ ಮುಷ್ಟಿ ಬಿಗಿದೀತು. ಅವಳು ಮೆಲ್ಲನೆ ಸೊಂಟದ ಎಲೆಯಡಿಕೆ ಚೀಲ ತೆಗೆದು ಅಲ್ಲಾಡಿಸಿದಳು. ಮಗು ಚಾಕು ಬಿಟ್ಟು ಚೀಲಕ್ಕೆ ಕೈಚಾಚಿತು.

ಪುಟ್ಟಸಿದ್ದಮ್ಮ ಚಾಕು ಎತ್ತಿ, ಸೊಸೆಯ ಕೈಗೇ ಇತ್ತಳು.

"ಇನ್ಮೇಲೆ ಕೈಗೇ ಕೊಡವ್ವ. ಜಗಳ ಆಡ್ಕಂಡೇ ಬದುಕನ."