ಅಂಚಿನಲ್ಲಿ ಬರೆದದ್ದು

"ಆ ನೋಟ್‌ಬುಕ್ಕನ್ನ ಪೆಟ್ಟಿಗೆ ಒಳಗೇ ಇಟ್ಬಿಟ್ಯಾ?" ಎಂದು ಚೌರಪ್ಪನವರು ಮಗಳ ತೋಳು ಹಿಡಿದು ಕೇಳುವ ಹೊತ್ತಿಗೆ ಕಾವಾಸಾಕಿಯ ಚಿತಾಗಾರದ ಉಕ್ಕಿನ ಬಾಗಿಲು ಮುಚ್ಚಿಯಾಗಿತ್ತು.

"ಅಪ್ಪಾ, ಇಲ್ಲಿ ಹೋದೋರಿಗೆ ಇಷ್ಟವಾದದ್ದನ್ನ ಜೊತೇಲಿ ಕಳಿಸ್ತಾರೆ. ಅಮ್ಮಂಗೆ ಅದಕ್ಕಿಂತ ಇಷ್ಟವಾದದ್ದು ಇನ್ನೇನಿತ್ತು? ನೀವು ಪಕ್ಕದಲ್ಲೇ ಇದ್ರಲ್ಲ, ನೋಡಿದ್ರಿ ಅನ್ಕೊಂಡೆ," ಎಂದಳು ಸಂಜನಾ.

ಎಲ್ಲಿಂದ ನೋಡುವುದು? ಮಾಸ್ಕಿನ ಉಸಿರಿಗೆ ಅವರ ಕನ್ನಡಕ ಮಂಜಾಗಿತ್ತು, ಮಿಕ್ಕ ಕೆಲಸವನ್ನು ಅಳು ಮಾಡಿತ್ತು. ಹೆಂಡತಿ ವಿಜಯಾ ಮೇರಿ ಕೊನೆಗೆ ಕೇಳಿಕೊಂಡದ್ದು ಒಂದೇ ಒಂದು. "ನನ್ನ ಮಣ್ಣಿನ ದಿನ ಆ ಮೀನಿನ ಅಧ್ಯಾಯ ಓದಿ. ಅಚ್ಚಾದ ಪುಸ್ತಕದಿಂದಲ್ಲ, ನನ್ನ ಕೈಬರಹದಿಂದಲೇ ಓದ್ಬೇಕು." ಹೂಂ ಎಂದಿದ್ದರು. ನಲವತ್ತೊಂದು ವರ್ಷಗಳಲ್ಲಿ ಹೀಗೆ ಹೂಂ ಎಂದು ಮರೆತದ್ದು ಬೇಕಾದಷ್ಟಿತ್ತು. ಇದೊಂದನ್ನಾದರೂ ನಡೆಸಿಕೊಡಬೇಕೆಂದು ಹೊರಟಿದ್ದರು.

ಅಸ್ಥಿ ಕೈಗೆ ಬರಲು ಒಂದು ಗಂಟೆ ಬೇಕು. ಸೋಂಕಿನ ನಿಯಮದಂತೆ ಹತ್ತೇ ಜನ, ಕುರ್ಚಿಗಳ ನಡುವೆ ಎರಡು ಮೀಟರು ಬಿಟ್ಟು ಕುಳಿತರು. ಚೌರಪ್ಪನವರು ಬರಿಗೈ ನೋಡಿಕೊಳ್ಳುತ್ತಾ ಕುಳಿತರು.

*

ಆ ನೋಟ್‌ಬುಕ್ ಶುರುವಾದದ್ದು ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ. ಮಗಳ ಬಾಣಂತನಕ್ಕೆ ಬಂದ ದಂಪತಿಗೆ ವಾಪಸು ಹೋಗಲು ವಿಮಾನವಿಲ್ಲ, ಭಾನುವಾರಕ್ಕೆ ಚರ್ಚಿಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಮಾಡಿದ ವಿಜಯಾ ಸುಮ್ಮನೆ ಕೂರುವ ಜೀವವಲ್ಲ. ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಹರಡಿ, ಬೈಬಲ್ಲಿನ ಯೊವಾನ್ನನ ಶುಭಸಂದೇಶವನ್ನು ಕೈಯಾರೆ ನಕಲು ಮಾಡತೊಡಗಿದರು.

"ಯೆಹೂದಿ ಬರಹಗಾರರು ತಪ್ಪಾದ ಹಾಳೇನ ಬಿಸಾಡ್ತಿರಲಿಲ್ಲ ಕಣ್ರೀ, ಮನುಷ್ಯರ ಥರಾನೇ ಮಣ್ಣು ಮಾಡ್ತಿದ್ರು. ನಮ್ಮ ಚರ್ಚಿನ ಹಳೇ ಸನ್ಯಾಸಿಗಳು ನಕಲು ಮಾಡ್ತಾ ಅಂಚಿನಲ್ಲಿ 'ಚಳಿ, ಬೆರಳು ಸೆಟೆದಿದೆ' ಅಂತ ಬರ್ಕೋತಿದ್ರಂತೆ!"

ಈ ಎರಡನೆಯ ಪದ್ಧತಿ ಅವರಿಗೆ ಬಲು ಹಿಡಿಸಿತು. ಪುಟದ ಅಂಚೆಲ್ಲ ಅಡುಗೆಮನೆಯ ವರದಿ ತುಂಬಿಕೊಂಡಿತು.

ಪಕ್ಕದ ಮನೆಯ ಒಗಾವಾ-ಸಾನ್ ಎಪ್ಪತ್ತು ದಾಟಿದ ಹೆಂಗಸು. ದಿನಾ ಬೆಳಿಗ್ಗೆ ಕುಂಚ ಹಿಡಿದು ಬೌದ್ಧ ಸೂತ್ರ ನಕಲು ಮಾಡುವುದು ಅವರ ರೂಢಿ. ಒಂದು ದಿನ ಬಾಗಿಲಲ್ಲೇ ನಿಂತು ವಿಜಯಾರ ಪುಟ ನೋಡಿ, "ಈ ಅಕ್ಷರಗಳಿಗೆ ಮೂಲೆಯೇ ಇಲ್ಲ. ನಾನೂ ಬರೆಯಲೇ?" ಎಂದರು. ಸಂಜನಾ ಅದನ್ನು ಕನ್ನಡಕ್ಕೆ ತಂದಳು.

"ಅರ್ಥ ಗೊತ್ತಿಲ್ದೇನಾ?"

"ಸೂತ್ರವೂ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ನಿಯಮ ಒಂದೇ. ಕಣ್ಣಿಗೆ ಕಂಡದ್ದನ್ನು ಬಿಡಬಾರದು."

ಅಂದಿನಿಂದ ವಾರಕ್ಕೊಮ್ಮೆ ನೋಟ್‌ಬುಕ್ ಬಾಗಿಲಿಂದ ಬಾಗಿಲಿಗೆ ಓಡಾಡಿತು.

*

ಮೂಲೆಯ ಕುರ್ಚಿಯಿಂದ ಒಗಾವಾ-ಸಾನ್ ಎದ್ದು ಬಂದು ಸಂಜನಾಳನ್ನು ಏನೋ ಕೇಳಿದರು. ನಂತರ ಬಟ್ಟೆಯ ಗಂಟು ಬಿಚ್ಚಿ, ಹಾಳೆಗಳ ಕಟ್ಟನ್ನು ಎರಡೂ ಕೈಯಲ್ಲಿ ಚೌರಪ್ಪನವರ ಮುಂದೆ ಹಿಡಿದರು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿದರು.

"ಅಮ್ಮನ ನೋಟ್‌ಬುಕ್ ನೋಡಿ ಇವರೇ ಬರೆದದ್ದು, ಪೆಟ್ಟಿಗೇಲಿ ಇಡೋಕೆ ತಂದಿದ್ರಂತೆ ಅಪ್ಪಾ. ಕೇಳೋಕೆ ಸಂಕೋಚ ಆಗಿ ಹಾಗೇ ಉಳೀತಂತೆ."

ಚೌರಪ್ಪನವರು ಕನ್ನಡಕ ಒರೆಸಿ ನೋಡಿದರು. ಕುಂಚದ ಮಸಿ, ಜಪಾನಿ ಕಾಗದ, ಆದರೆ ಅಕ್ಷರ ವಿಜಯಾರದೇ! ಕೊಂಬು ಎಳೆಯುವ ಆ ಅವಸರ ಕೂಡ ಅವರದೇ. ಮೀನಿನ ಅಧ್ಯಾಯ ಹುಡುಕಿ, ಎದ್ದು ನಿಂತು ಓದತೊಡಗಿದರು.

"ಅವರು ದಡಕ್ಕೆ ಬಂದಾಗ ಕೆಂಡ ಹೊತ್ತಿತ್ತು, ಅದರ ಮೇಲೆ ಮೀನಿತ್ತು, ಅನ್ನ ತಳ ಹಿಡೀತು, ಈಗ ಬಂದೆ."

ಸಂಜನಾ ತಲೆಯೆತ್ತಿದಳು.

"ಅಪ್ಪಾ, ಅದು ಬೈಬಲ್ಲಾ?"

"ಇದರಲ್ಲಿ ಹಾಗೇ ಇದೆಯಮ್ಮ. ಕೇಳು. ಯೇಸುಸ್ವಾಮಿ, ಬನ್ನಿ, ಊಟಮಾಡಿ ಎಂದರು. ಸಂಜನಾ ಮಾತ್ರ ಫೋನ್ ಬಿಟ್ಟು ಏಳೋದಿಲ್ಲ."

ಸಂಜನಾಗೆ ಮೊದಲು ಬಂದದ್ದು ಬಿಕ್ಕು. ಅದು ಅರ್ಧದಲ್ಲೇ ನಗುವಾಯಿತು. ಒಗಾವಾ-ಸಾನ್ ಗಾಬರಿಯಿಂದ, ತಪ್ಪಾಯಿತೇ ಎಂದು ಕೇಳಿದರು. ವಿಷಯ ತಿಳಿದಾಗ ಮಾಸ್ಕಿನ ಮೇಲೆ ಕೈಯಿಟ್ಟುಕೊಂಡು, "ಯಾವುದು ಅಂಚು, ಯಾವುದು ದೇವರ ಮಾತು, ನನಗೆ ಹೇಗೆ ತಿಳಿಯಬೇಕು? ಎಲ್ಲವೂ ಒಂದೇ ಥರ ಚೆನ್ನಾಗಿತ್ತು," ಎಂದರು.

"ಹಳೇ ನಕಲುಗಳಲ್ಲೂ ಹೀಗೇ ಅಂಚಿನ ಮಾತು ಒಳಗೆ ಸೇರ್ಕೊಂಡ್ಬಿಡೋದಂತೆ. ನಿಮ್ಮಮ್ಮನೇ ಹೇಳ್ತಿದ್ಲು," ಎಂದರು ಚೌರಪ್ಪ. ನಗು ಅವರ ಗಂಟಲಿಗೂ ಬಂದಿತ್ತು. ವಿಜಯಾ ಹೋದ ಮೇಲೆ ಇಷ್ಟು ಹತ್ತಿರದಿಂದ ಆಕೆಯ ದನಿ ಕೇಳಿದ್ದು ಇದೇ ಮೊದಲು. ಅವರು ಮುಂದೆ ಓದಿದರು.

"ಸ್ವಾಮಿ ಪೇತ್ರನನ್ನು ಮೂರನೆಯ ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ? ಇವತ್ತು ಇವರೇ ಟೀ ಮಾಡಿದರು. ಸಕ್ಕರೆ ಮರೆತಿದ್ದಾರೆ. ನಾನು ಹೇಳಲಿಲ್ಲ, ಪೂರ್ತಿ ಕುಡಿದೆ."

ಚೌರಪ್ಪನವರು ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಇನ್ನೊಂದ್ಸಲ ಓದಿ ಅಪ್ಪಾ," ಎಂದಳು ಸಂಜನಾ.

ಅವರು ಮತ್ತೆ ಎದ್ದು ನಿಂತರು. ಅಸ್ಥಿ ಆರಿಸಲು ಕರೆಯಬಂದ ಬಿಳಿ ಕೈಗವಸಿನ ಸಿಬ್ಬಂದಿ ಬಾಗಿಲಲ್ಲೇ ತಡೆದು ನಿಂತ. ಚೌರಪ್ಪನವರು ಟೀಯ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಅದೂ ದೇವರ ವಾಕ್ಯವೆಂದೇ ತಿಳಿದು, ಆತ ಕೈಜೋಡಿಸಿ ತಲೆ ಬಾಗಿಸಿದ.